ಬಿಂಕದಕಟ್ಟಿಯ ಹುಲಿ, ದರೋಜಿಯ ಕರಡಿ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಜೀವಮಾನದಲ್ಲಿ ಒಮ್ಮೆಯೂ ಸಫಾರಿಗೆ ಹೋದವರಲ್ಲ. ಆದರೆ ಹೋಗಿ ಬಂದವರಿಗೆ ಕೇಳಲು ಅವರ ಬಳಿ ಒಂದು ಪ್ರಶ್ನೆ ಸದಾ ತಯಾರಿರುತ್ತದೆ: "ಅದು ಏನ್ ತಿಂತೈತಿ?" ಹುಲಿ ಕಂಡಿತೋ ಇಲ್ಲವೋ, ಎಷ್ಟು ದೂರದಿಂದ ಕಂಡಿತು, ಫೋಟೊ ಸರಿಯಾಗಿ ಬಂತೋ, ಅವೆಲ್ಲ ಆಮೇಲಿನ ಮಾತು. ಮನೆಗೆ ಬಂದವರ ಮುಂದೆ ತಾಟು ಇಡದೆ ಮಾತು ಶುರು ಮಾಡದ ಮನೆಯಲ್ಲಿ ಬೆಳೆದವರು. ಪ್ರಾಣಿಗಳ ವಿಷಯದಲ್ಲೂ ಅದೇ ಲೆಕ್ಕ.

ಡಿಸೆಂಬರ್ ರಜೆಗೆ ಮಗಳನ್ನು ಕರೆದುಕೊಂಡು ಗದಗಿನ ಅಣ್ಣನ ಮನೆಗೆ ಹೋಗಿದ್ದೆ. ಮಗಳಿಗೆ ಒಂಬತ್ತು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ. ಕಾಡೆಂದರೆ ಅವಳಿಗೆ ಬಂಡೀಪುರ, ಕಬಿನಿ, ಮಂಜು, ಮುಗಿಲು ಮುಟ್ಟುವ ಮರ. "ಗದಗಲ್ಲಿ ಕಾಡೆಲ್ಲಿದೆ? ಬರೀ ಬಿಸಿಲು" ಅಂದುಬಿಟ್ಟಳು. ಅಣ್ಣನಿಗೆ ಅದು ಚುರ್ರೆಂದಿತು. ಚಹಾದ ಬಸಿ ಕೆಳಗಿಟ್ಟು, "ಮೂರು ದಿನ ನನ್ ಕೈಯಾಗ ಕೊಡು ನಿನ್ ಮಗಳನ್ನ" ಅಂದ. ಹಾಗೆ ಹೊರಟ ಪ್ರವಾಸ ಇದು. ಯೋಜನೆ, ಬುಕಿಂಗ್ ಏನೂ ಇಲ್ಲ. ಅಣ್ಣನ ಹಳೆಯ ಕಾರು, ಡಿಕ್ಕಿಯಲ್ಲಿ ನೀರಿನ ಕ್ಯಾನು, ವೈನಿ ಕಟ್ಟಿಕೊಟ್ಟ ಬುತ್ತಿ.

ಮೊದಲ ದಿನ

ಹುಬ್ಬಳ್ಳಿ ರಸ್ತೆ ಹಿಡಿದು ಐದಾರು ಕಿಲೋಮೀಟರು ಹೋದರೆ ಬಿಂಕದಕಟ್ಟಿ. 1972ರಲ್ಲಿ ಶುರುವಾದ ಪುಟ್ಟ ಪ್ರಾಣಿಸಂಗ್ರಹಾಲಯ ಇದು. ಗದಗಿನವರ ಬಾಯಲ್ಲಿ ಬರೀ 'ಜೂ'. ನಾನು ಆರನೇ ಇಯತ್ತೆಯಲ್ಲಿದ್ದಾಗ ಗುರುಗಳು ನಮ್ಮನ್ನು ಇಬ್ಬಿಬ್ಬರ ಸಾಲು ಮಾಡಿಸಿ ಇಲ್ಲಿಗೆ ಕರೆತಂದಿದ್ದರು. ಆಗ ಇದ್ದದ್ದರಲ್ಲಿ ನನಗೆ ನೆನಪಿರುವುದು ಜಿಂಕೆ, ನವಿಲು ಮತ್ತು ಅಲುಗಾಡದ ಒಂದು ಮೊಸಳೆ. ಅದು ಜೀವಂತ ಐತೋ ಸಿಮೆಂಟಿನದೋ ಎಂದು ಹುಡುಗರು ಪಂಥ ಕಟ್ಟಿ, ಒಬ್ಬ ಹರಳು ಒಗೆದು, ಮೊಸಳೆಗಿಂತ ಮೊದಲು ಗುರುಗಳೇ ಬಾಯಿ ತೆರೆದಿದ್ದರು. ಮೊಸಳೆ ಈಗಲೂ ಇದೆ. ಅದೇ ಮೊಸಳೆ ಎಂದು ಅಣ್ಣ ಮಗಳಿಗೆ ಹೇಳಿದ. ನಾನು ತಿದ್ದಲು ಹೋಗಲಿಲ್ಲ.

ಈಗ ಇಲ್ಲಿ ಹುಲಿ, ಸಿಂಹ, ಚಿರತೆ ಎಲ್ಲ ಬಂದಿವೆ. ಸಣ್ಣ ಜೂಗಳ ಬಗ್ಗೆ ನನಗೊಂದು ಪಕ್ಷಪಾತವಿದೆ. ಮೈಸೂರಿನಲ್ಲಿ ಜನರ ಬೆನ್ನು ನೋಡುತ್ತ ನಡೆದು, ಜಿರಾಫೆಯ ಕುತ್ತಿಗೆಯಷ್ಟನ್ನೇ ಕಂಡು ಬಂದವಳು ನಾನು. ಇಲ್ಲಿ ಎರಡು ತಾಸಿನಲ್ಲಿ ಎಲ್ಲ ನೋಡಿ ಮುಗಿಸಿ, ಇಷ್ಟವಾದದ್ದರ ಮುಂದೆ ಮತ್ತೆ ಹೋಗಿ ನಿಲ್ಲಬಹುದು. ನಾವು ಹುಲಿಯ ಮುಂದೆ ಮೂರು ಸಲ ನಿಂತೆವು.

ಮೊದಲ ಸಲ ಅದು ಮರದ ನೆರಳಲ್ಲಿ ಮಗ್ಗುಲಾಗಿ ಮಲಗಿತ್ತು. ಮಗಳು "ಸೋಂಬೇರಿ" ಅಂದಳು. ಎರಡನೇ ಸಲವೂ ಹಾಗೇ. ಆದರೆ ಈ ಸಲ ನಮಗೆ ಬೆನ್ನು ಮಾಡಿತ್ತು, ಕಿವಿಯ ಹಿಂಭಾಗ ಕಾಣುತ್ತಿತ್ತು. ಕಪ್ಪು ಕಿವಿಯ ನಟ್ಟನಡುವೆ ಒಂದೊಂದು ಬಿಳಿ ಬೊಟ್ಟು, ಹೆಬ್ಬೆರಳಿಗೆ ಸುಣ್ಣ ಅದ್ದಿ ಒತ್ತಿದ ಹಾಗೆ. ಚಿತ್ರಗಳಲ್ಲಿ ಹುಲಿಯ ಮುಖವನ್ನಷ್ಟೇ ನೋಡಿದ್ದ ಮಗಳಿಗೆ ಇದು ಹೊಸದು. "ಹಿಂದೆನೂ ಕಣ್ಣಿದೆ" ಎಂದು ಪಿಸುಗುಟ್ಟಿದಳು. ಆ ಬೊಟ್ಟು ಯಾಕಿದೆ ಎಂಬುದಕ್ಕೆ ಕೊಡುವ ಕಾರಣಗಳಲ್ಲಿ ಅವಳ ಮಾತೂ ಒಂದು. ಹಿಂದಿನಿಂದ ಬರುವವರಿಗೆ ಕಣ್ಣೆಂಬ ಭ್ರಮೆ ಹುಟ್ಟಿಸಲಿಕ್ಕೆ ಎನ್ನುತ್ತಾರೆ. ಹುಲ್ಲಿನಲ್ಲಿ ತಾಯಿಯ ಹಿಂದೆ ಬರುವ ಮರಿಗಳಿಗೆ ಗುರುತು ಎನ್ನುವವರೂ ಇದ್ದಾರೆ.

ಮೂರನೇ ಸಲ ಸಂಜೆ ನಾಲ್ಕೂವರೆ. ಹುಲಿ ಎದ್ದಿತ್ತು, ಅಷ್ಟೇ ಅಲ್ಲ, ಬೇರೆಯದೇ ಪ್ರಾಣಿಯಾಗಿತ್ತು. ಆವರಣದ ಹಿಂದಿನ ಕಬ್ಬಿಣದ ಬಾಗಿಲಿನ ಮುಂದೆ ಶತಪಥ ಹಾಕುತ್ತಿತ್ತು. ಅದು ನಡೆನಡೆದು ನೆಲದಲ್ಲಿ ಒಂದು ಗೇಣು ಅಗಲದ ದಾರಿಯೇ ಸವೆದಿತ್ತು. ಅಲ್ಲಿ ಒಂದೆಳೆ ಹುಲ್ಲಿಲ್ಲ. ಒಳಗೆಲ್ಲೋ ಬಕೆಟ್ಟು ಕಲ್ಲಿಗೆ ತಾಗಿದ ಸದ್ದಾಯಿತು. ಹುಲಿ ನಿಂತಿತು. ಎರಡೂ ಕಿವಿ ಮುಂದಕ್ಕೆ ತಿರುಗಿದವು, ಬೊಟ್ಟು ಮರೆಯಾದವು. ಸಂಜೆ ಪ್ರಾಣಿಯನ್ನು ಒಳಗಿನ ಕೋಣೆಗೆ ಕರೆದು, ಅಲ್ಲೇ ಊಟ ಕೊಟ್ಟು, ಬಾಗಿಲು ಹಾಕುತ್ತಾರೆ. ಆದ್ದರಿಂದ ನೋಡಲು ಬಂದವರಿಗೆ ಹುಲಿ ಉಣ್ಣುವುದು ಕಾಣುವುದಿಲ್ಲ, ಊಟಕ್ಕೆ ಕಾಯುವುದಷ್ಟೇ ಕಾಣುತ್ತದೆ. ಕಾಯುವ ರೀತಿ ನಮ್ಮ ಮನೆಯ ಬೆಕ್ಕಿನದೇ. ತೂಕ ಮಾತ್ರ ಬೇರೆ.

ನೋಡಿಕೊಳ್ಳುವ ಸಿಬ್ಬಂದಿಯೊಬ್ಬರು ಅಣ್ಣನಿಗೆ ಮುಖಪರಿಚಯದವರು. ದಿನಕ್ಕೆ ಎಂಟು-ಹತ್ತು ಕಿಲೋ ಮಾಂಸ, ವಾರದಲ್ಲಿ ಒಂದು ದಿನ ಏನೂ ಇಲ್ಲ ಅಂದರು. ಕಾಡಿನಲ್ಲಿ ಹುಲಿಗೆ ದಿನಾ ಬೇಟೆ ಸಿಗುವುದಿಲ್ಲವಲ್ಲ, ಹೊಟ್ಟೆಗೆ ಆ ಅಭ್ಯಾಸ ತಪ್ಪಬಾರದೆಂದು ಜೂಗಳಲ್ಲಿ ಹೀಗೆ ಮಾಡುತ್ತಾರೆ. "ಅಂದ್ರ ಒಪ್ಪತ್ತು ಅಲ್ಲ, ಪೂರಾ ಉಪಾಸ. ನಿಮ್ ವೈನಿಗಿಂತ ಕಟ್ಟುನಿಟ್ಟು" ಅಂದ ಅಣ್ಣ.

ಕೃಷ್ಣಮೃಗಗಳ ಮುಂದೆ ಬಂದಾಗ ಅಣ್ಣ ಬೋರ್ಡು ಓದುವ ಮೊದಲೇ "ಚಿಗರಿ" ಅಂದ. ನಮ್ಮ ಕಡೆಯ ಹೆಸರು ಅದೇ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಇದೇ ಹೆಸರಿಟ್ಟರು. ಗಂಡು ಚಿಗರಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಲೆಯ ಮೇಲೆ ಹುರಿ ಹಾಕಿದಂಥ ಎರಡು ಕೋಡು. ಮೇವು ಹಾಕುವ ಕಟ್ಟೆಯ ಮುಂದೆ ಸಾಲಾಗಿ ನಿಂತು ಹಸಿ ಹುಲ್ಲು ಮೇಯುತ್ತಿದ್ದವು. ಒಂದು ಮರಿ ಮಾತ್ರ ಕಟ್ಟೆಯ ಮೇಲೇ ಹತ್ತಿ ನಿಂತಿತ್ತು. ಮಗಳು ಅದರ ಹತ್ತು ಫೋಟೊ ತೆಗೆದಳು. ಪಕ್ಕದಲ್ಲಿ ದತ್ತು ಯೋಜನೆಯ ಫಲಕ. ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಒಂದು ಪ್ರಾಣಿಯ ಊಟದ ಖರ್ಚು ಕೊಡಬಹುದು. ಹಕ್ಕಿಯಾದರೆ ಕಡಿಮೆ, ಹುಲಿಯಾದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಒಂದೇ ಕಿರಿಕಿರಿ ಎಂದರೆ ಚಿರತೆಯ ಮುಂದೆ ನಿಂತ ನಾಲ್ಕು ಪಡ್ಡೆಗಳು. ಚಿರತೆ ತಮ್ಮ ಕಡೆ ನೋಡಲಿ ಎಂದು ಸಿಳ್ಳೆ ಹೊಡೆದದ್ದೇ ಹೊಡೆದದ್ದು. ಅದು ಕೊನೆಗೂ ನೋಡಲಿಲ್ಲ. ನನಗೆ ಚಿರತೆಯ ಮೇಲೆ ಗೌರವ ಹೆಚ್ಚಿತು.

ರಾತ್ರಿ ವೈನಿ ರೊಟ್ಟಿ ಬಡಿಯುತ್ತಲೇ ಕೇಳಿದರು. ಹತ್ತು ಕಿಲೋ ಎಂದೆ. "ದಿನಾ?" ಎಂದು ರೊಟ್ಟಿ ಬಡಿಯುವ ಕೈ ನಿಲ್ಲಿಸಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, "ನಮ್ ಓಣ್ಯಾಗ ಹತ್ತು ಮನಿ ಉಣ್ತಾವ ಬಿಡು" ಅಂದರು.

ಎರಡನೇ ದಿನ

"ನಾಳೆ ಮಾಗಡಿಗೆ" ಎಂದಾಗ ಮಗಳು "ಮಾಗಡಿ ರೋಡಿಗಾ? ವಾಪಸ್ ಬೆಂಗಳೂರಿಗಾ?" ಎಂದು ಗಾಬರಿಯಾದಳು. ಇದು ಶಿರಹಟ್ಟಿ ತಾಲೂಕಿನ ಮಾಗಡಿ, ಗದಗಿನಿಂದ 26 ಕಿಲೋಮೀಟರು. ಊರ ಪಕ್ಕ ಒಂದು ಕೆರೆ. ನವೆಂಬರ್ ಹೊತ್ತಿಗೆ ಆ ಕೆರೆಗೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ಮಾರ್ಚ್ ತನಕ ಇರುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಸಲ ರಾಜ್ಯದಿಂದ ಅಘನಾಶಿನಿಯ ಅಳಿವೆ, ಅಂಕಸಮುದ್ರದ ಕೆರೆಗಳೂ ಸೇರಿದವು.

ಹಕ್ಕಿ ನೋಡುವುದೆಂದರೆ ಬೆಳಕು ಹರಿಯುವ ಮುಂಚೆ ಅಲ್ಲಿರಬೇಕೆಂದು ನಾನೇ ಹಟ ಹಿಡಿದೆ. ನಾಲ್ಕೂವರೆಗೆ ಎದ್ದು, ಮಗಳನ್ನು ಚಾದರದ ಸಮೇತ ಕಾರಿಗೆ ಹಾಕಿಕೊಂಡು, ಆರಕ್ಕೆ ಮುಂಚೆ ಕೆರೆಯ ದಂಡೆಯಲ್ಲಿ ನಿಂತೆವು. ಬೆಳಕಾಯಿತು. ಕೆರೆಯಲ್ಲಿ ನಾಲ್ಕು ಬೆಳ್ಳಕ್ಕಿ, ಒಂದಷ್ಟು ಸಣ್ಣ ಬಾತು, ಅಷ್ಟೇ. ಹಲ್ಲುಜ್ಜುತ್ತ ಬಂದ ಹಿರಿಯರೊಬ್ಬರು ನಮ್ಮ ಅವಸ್ಥೆ ನೋಡಿ ನಕ್ಕರು. "ಇಷ್ಟ್ ಲಗೂನ ಯಾಕ ಬಂದ್ರಿ? ಅವು ನೈಟ್ ಡ್ಯೂಟಿ. ರಾತ್ರಿ ಹೊಲಕ್ಕ ಹೋಗ್ತಾವ, ಬಿಸಲು ಬಿದ್ದ ಮ್ಯಾಲೆ ಮನಿಗೆ ಬರ್ತಾವ."

ಸರಿಯಾದ ಮಾತೇ. ಹೆಬ್ಬಾತು ಮೀನು ಹಿಡಿದು ಬದುಕುವ ಹಕ್ಕಿಯಲ್ಲ, ಹುಲ್ಲು, ಎಳೆಯ ಚಿಗುರು, ಕಾಳು ಮೇಯುವ ಹಕ್ಕಿ. ಹಗಲೆಲ್ಲ ಕೆರೆಯಲ್ಲಿ ಕೂತು, ಕತ್ತಲಾಗುತ್ತಲೇ ಸುತ್ತಲಿನ ಕಡಲೆ, ಶೇಂಗಾ, ಗೋಧಿ ಹೊಲಗಳಿಗೆ ಇಳಿಯುತ್ತದೆ. ನಿಮಗೆ ಸಿಟ್ಟು ಬರುವುದಿಲ್ಲವೇ ಎಂದೆ. ಹಿರಿಯರು ಬೇವಿನ ಕಡ್ಡಿಯನ್ನು ಇನ್ನೊಂದು ದವಡೆಗೆ ಸರಿಸಿದರು. "ಬರ್ತೈತಿ. ಆದ್ರ ಎಷ್ಟ್ ದೂರದಿಂದ ಬಂದಾವ, ಕಾಳು ನೋಡ್ಕೋತ ಕೂಡೂದು ಚೊಲೋ ಅನಸೂದಿಲ್ಲ. ಹಿಕ್ಕಿ ಗೊಬ್ಬರ ಆಗ್ತೈತಿ ಅಂತ ಸಮಾಧಾನ ಮಾಡ್ಕೋತೀವಿ." ಪ್ರತಿಯೊಬ್ಬ ರೈತನೂ ಹೀಗೇ ಹೇಳುತ್ತಾನೆಂದು ನಾನು ನಂಬುವುದಿಲ್ಲ. ಈ ವರ್ಷ ಬೆಳೆ ಹೇಗಿದೆ ಎನ್ನುವುದರ ಮೇಲೆ ಉತ್ತರ ನಿಂತಿರಬೇಕು.

ಎಂಟರ ಸುಮಾರಿಗೆ ಮೊದಲು ಬಂದದ್ದು ಸದ್ದು. ದೂರದಲ್ಲಿ ಹಳೇ ಸೈಕಲ್ಲಿನ ರಬ್ಬರ್ ಹಾರ್ನನ್ನು ಯಾರೋ ಮೇಲಿಂದ ಮೇಲೆ ಒತ್ತಿದಂತೆ. ಆಮೇಲೆ ಪೂರ್ವದ ಕಡೆ ಒಂದು ಗೆರೆ, ಅದರ ಹಿಂದೆ ಇನ್ನೊಂದು, ಬಾಣದ ತುದಿಯಂತೆ ಕೂಡಿಕೊಂಡು ಬಂದವು. ಕೆರೆಯ ಮೇಲೆ ಬರುತ್ತಿದ್ದಂತೆ ಸಾಲು ಚೆದುರಿತು. ಒಂದೊಂದು ಹಕ್ಕಿಯೂ ರೆಕ್ಕೆ ಬಿಗಿ ಹಿಡಿದು, ಮಗ್ಗುಲಾಗಿ ವಾಲಿ, ಎಲೆ ಉದುರಿದ ಹಾಗೆ ಉದುರಿ, ಕೊನೆ ಗಳಿಗೆಗೆ ಸಾವರಿಸಿಕೊಂಡು ಕಾಲು ಮುಂದೆ ಚಾಚಿ ನೀರಿಗೆ ಇಳಿಯಿತು. ಅರ್ಧ ತಾಸಿನಲ್ಲಿ ಕೆರೆಯ ಒಂದು ಮಗ್ಗುಲು ಬೂದು ಬಣ್ಣವಾಯಿತು. ದುರ್ಬೀನಿನಲ್ಲಿ ಮಗಳಿಗೆ ತಲೆಯ ಹಿಂದಿನ ಎರಡು ಕರಿ ಪಟ್ಟೆ ಕಂಡವು. "ಹೇರ್‌ಬ್ಯಾಂಡ್ ಎರಡೆರಡು ಹಾಕ್ಕೊಂಡಿದೆ."

ಬರೀ ಎರಡು-ಮೂರು ಕಿಲೋ ತೂಗುವ ಈ ಹಕ್ಕಿ ಹಿಮಾಲಯ ದಾಟುತ್ತದೆ. ಉಪಗ್ರಹದ ಮೂಲಕ ಜಾಡು ಹಿಡಿದವರು 7,000 ಮೀಟರಿಗೂ ಮೇಲೆ ಹಾರಿದ್ದನ್ನು ದಾಖಲಿಸಿದ್ದಾರೆ. ನಮಗೆ ಅಲ್ಲಿ ನಿಂತು ಉಸಿರಾಡುವುದೇ ಕಷ್ಟ. ಇದರ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದಂತೆ. ಇಷ್ಟೆಲ್ಲ ಸಾಹಸ ಮಾಡಿ ಬಂದು ಸೇರುವುದು ಶಿರಹಟ್ಟಿ ತಾಲೂಕಿನ ಕಡಲೆ ಹೊಲಕ್ಕೆ ಎಂದು ನೆನೆದಾಗ, ಕಡಲೆಯ ಬಗ್ಗೆಯೇ ಅಭಿಮಾನ ಉಕ್ಕಿತು.

ಹೆಬ್ಬಾತುಗಳ ಆಚೆ, ದಂಡೆಗೆ ಹತ್ತಿರ, ಕಿತ್ತಳೆಗೆಂಪು ಮೈಯ ಎರಡು ದೊಡ್ಡ ಬಾತುಗಳು ಜೋಡಿಯಾಗಿ ಕೂತಿದ್ದವು. ಜಕ್ಕವಕ್ಕಿ! ಹಳಗನ್ನಡದಲ್ಲಿ ಇವುಗಳದೇ ಕಾರುಬಾರು. ರಾತ್ರಿಯಾದರೆ ಜೋಡಿ ಅಗಲುತ್ತವೆ, ಕೊಳದ ಈ ದಡದಿಂದ ಆ ದಡಕ್ಕೆ ಕೂಗುತ್ತ ಬೆಳಗು ಕಾಯುತ್ತವೆ ಎಂದು ಕವಿಗಳು ಬರೆದದ್ದೇ ಬರೆದದ್ದು. ಪರೀಕ್ಷೆಗೆಂದು ಉರು ಹೊಡೆದಿದ್ದೆನೇ ಹೊರತು ಅದು ಹೀಗೆ ನಮ್ಮೂರ ಬದಿಯ ಕೆರೆಗೆ ಬರುವ ನಿಜವಾದ ಹಕ್ಕಿ ಎಂದು ಯಾರೂ ಹೇಳಿರಲಿಲ್ಲ. ಆ ಸಡಗರದಲ್ಲಿ ದುರ್ಬೀನನ್ನು ದಂಡೆಯ ಕಲ್ಲಿನ ಮೇಲಿಟ್ಟು, ಅಲ್ಲೇ ಬಿಟ್ಟು ಬಂದೆ. ಗೊತ್ತಾದದ್ದು ಮರುದಿನ.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠಕ್ಕೆ ಕೈಮುಗಿದು, ಮಿರ್ಚಿ ತಿಂದು, ಕಪ್ಪತಗುಡ್ಡದ ಸೆರಗು ಹಿಡಿದು ಹೊರಟೆವು. "ಎಪ್ಪತ್ತು ಗಿರಿ ನೋಡೂದಕ್ಕಿಂತ ಕಪ್ಪತಗಿರಿ ನೋಡೂದು ಲೇಸು" ಎಂದು ನಮ್ಮ ಕಡೆ ಒಂದು ಮಾತಿದೆ. ಅಣ್ಣ ಅದನ್ನು ಆ ದಿನ ನಾಲ್ಕು ಸಲ ಹೇಳಿದ. ಮಲೆನಾಡಿನವರು ನೋಡಿದರೆ ಇದನ್ನು ಕಾಡೆಂದು ಒಪ್ಪುವುದಿಲ್ಲ. ಮೊಣಕಾಲೆತ್ತರದ ಒಣಹುಲ್ಲು, ಕುರುಚಲು ಗಿಡ, ನಡುನಡುವೆ ಕರಿಗಲ್ಲು, ದಿನ್ನೆಗಳ ಮೇಲೆ ಗಾಳಿಯಂತ್ರಗಳ ಸಾಲು. ಆದರೆ ತೋಳ, ಕತ್ತೆಕಿರುಬ, ನರಿ, ಚಿಗರಿ ಇವೆಲ್ಲ ಬಯಸುವುದು ಇಂಥದ್ದನ್ನೇ. ದಟ್ಟ ಕಾಡಿನಲ್ಲಿ ಚಿಗರಿಗೆ ಓಡಲು ಜಾಗವೆಲ್ಲಿ?

ಗುಡ್ಡದ ಹೊಟ್ಟೆಯಲ್ಲಿ ಚಿನ್ನವಿದೆ. ಬ್ರಿಟಿಷರ ಕಾಲದಿಂದಲೂ ಅದನ್ನು ಹುಡುಕಿದವರಿದ್ದಾರೆ. 2015ರಲ್ಲಿ ಸರಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಸಾರಿತು. ಮರುವರ್ಷ ಹಿಂತೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಆದೇಶ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ. ಹಿಂದಿನ ವರ್ಷವಷ್ಟೇ ಲಿಂಗೈಕ್ಯರಾಗಿದ್ದರು. ಆ ಧರಣಿಗೆ ಅಣ್ಣನೂ ಎರಡು ದಿನ ಹೋಗಿ ಕೂತಿದ್ದ. "ಅಂಗಡಿ ಬಾಗಲಾ ಹಾಕಿ ಹೋಗಿದ್ದೆ" ಎನ್ನುವುದನ್ನು ಇಂದಿಗೂ ಮರೆಯದೆ ಹೇಳುತ್ತಾನೆ.

ತೋಳ ಕಾಣಲಿಲ್ಲ. ಕಾಣುತ್ತದೆಂದು ಯಾರೂ ಹೇಳಿರಲೂ ಇಲ್ಲ. ಕಂಡದ್ದು ಒಬ್ಬ ಕುರಿಗಾಹಿ, ಅವನ ಕಂಬಳಿ, ಇನ್ನೂರರಷ್ಟು ಕುರಿ. ತೋಳದ ಸುದ್ದಿ ತೆಗೆದಾಗ ಕೈಯಲ್ಲಿದ್ದ ಕೋಲಿನಿಂದಲೇ ಗುಡ್ಡದ ಒಂದು ಮಗ್ಗುಲು ತೋರಿಸಿದ. "ತ್ವಾಳ ಅಲ್ಲೇ ಇರ್ತೈತಿ. ವಾರದಾಗ ಒಮ್ಮಿ ಬರ್ತೈತಿ, ಒಯ್ತೈತಿ." ನಾಯಿಗಳಿಲ್ಲವೇ ಎಂದೆ. "ನಾಯಿ ಬೊಗಳ್ತಾವ. ಅದು ತನ್ನ ಪಾಲು ತಗೊಂಡ್ ಹೋಗ್ತೈತಿ." ಪಾಲು ಎಂಬ ಮಾತನ್ನು ಅವನು ಎಷ್ಟು ಸಲೀಸಾಗಿ ಅಂದನೆಂದರೆ, ನನಗೆ ಮರುಮಾತು ಹೊಳೆಯಲಿಲ್ಲ. ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಮಾಡಿದ್ದಾರೆ. ತೋಳ ಅದರ ಬೇಲಿಯ ಲೆಕ್ಕ ಇಡುತ್ತದೋ ಇಲ್ಲವೋ, ಕುರಿಗಾಹಿಯಂತೂ ಇಟ್ಟಿರುತ್ತಾನೆ.

ಅಂದು ಎಳ್ಳಮಾಸಿ. ಡಂಬಳದ ಕಡೆ ಇಳಿಯುವಾಗ ಹೊಲಗಳ ತುಂಬ ಜನ, ಟ್ರ್ಯಾಕ್ಟರು, ಅಲ್ಲೊಂದು ಇಲ್ಲೊಂದು ಸಿಂಗರಿಸಿದ ಚಕ್ಕಡಿ. ಕಾರು ನಿಲ್ಲಿಸಿ ಕಡಲೆ ಹೊಲ ನೋಡುತ್ತಿದ್ದವರನ್ನು ಹೊಲದವರು ಕರೆದೇಬಿಟ್ಟರು. ನಮಗೆ ಈಗ ಹೊಲವಿಲ್ಲ. ಅಪ್ಪನ ಕಾಲಕ್ಕೇ ಹೋಯಿತು. ಹಾಗಾಗಿ ಈ ಕರೆಯನ್ನು ಅಣ್ಣ ಎಂದೂ ಒಲ್ಲೆ ಎನ್ನುವುದಿಲ್ಲ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರು ಬಾನ. ಉಣ್ಣುವ ಮೊದಲು ಮನೆಯ ಹಿರಿಯ ಒಂದು ಬುಟ್ಟಿಯಲ್ಲಿ ಎಲ್ಲ ಅಡಿಗೆಯನ್ನೂ ಕಲಸಿ, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತ ನಡೆದ. ಹಿಂದಿನಿಂದ ಹುಡುಗರ ಕೂಗು: "ಹುಲ್ಲುಲ್ಲಿಗೋ… ಚೆಲ್ಲಂಬ್ರಿಗೋ…"

ಮಗಳು ನನ್ನ ಸೆರಗು ಜಗ್ಗಿದಳು. "ಅಮ್ಮಾ, ಹುಲಿಗೂ ಊಟ ಹಾಕ್ತಾರಾ?"

ಆ ಕೂಗಿನ ಅರ್ಥ ಅಣ್ಣನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಭೂಮಿತಾಯಿಗೆ ಎನ್ನುತ್ತಾರೆ. ಚೆಲ್ಲಿದ್ದನ್ನು ಇರುವೆ, ಹಕ್ಕಿ, ಇಲಿ, ನರಿ ಯಾರು ತಿಂದರೂ ಸರಿ ಎನ್ನುತ್ತಾರೆ. ಹುಲಿ ಎಂದು ಕೇಳಿಸಿಕೊಂಡವಳು ನಮ್ಮ ಕೂಸೇ ಇರಬೇಕು. "ಹೌದು, ಬಿಂಕದಕಟ್ಟ್ಯಾಗಿನ ಹುಲಿಗೆ" ಅಂದ ಅಣ್ಣ.

ಊಟವಾದ ಮೇಲೆ ಬದುವಿನ ಮೇಲೆ ಕೂತು ಹಸಿ ಸುಲಗಾಯಿ ಬಿಡಿಸುತ್ತಿದ್ದಾಗ ಆಚೆಯ ಜೋಳದ ಹೊಲದ ಅಂಚಿನಲ್ಲಿ ಏನೋ ಸರಿದಂತಾಯಿತು. ಒಂದು ಕರಿಬೆನ್ನು, ಎರಡು ಹುರಿಗೋಡು. ಅದರ ಹಿಂದೆ ಏಳೆಂಟು ಹೆಣ್ಣು. ಚಿಗರಿ! ಮಗಳು ಮೊಬೈಲು ಹುಡುಕುವಷ್ಟರಲ್ಲಿ ಹೊಲದ ಹುಡುಗನೊಬ್ಬ ಎದ್ದು ನಿಂತು "ಹೋಯ್!" ಎಂದು ಕವಣೆ ಬೀಸಿದಂತೆ ಬರಿಗೈ ಬೀಸಿದ. ಮೊದಲ ಹೆಣ್ಣು ಚಿಗರಿ ನಿಂತಲ್ಲಿಂದಲೇ ಆಳೆತ್ತರ ಜಿಗಿಯಿತು. ಒಂದರ ಹಿಂದೊಂದು ಹಾಗೇ ಜಿಗಿಯುತ್ತ, ಜೋಳದ ತೆನೆಗಳ ಮೇಲೆ ತೇಲುತ್ತ, ಎಣಿಸುವಷ್ಟರಲ್ಲಿ ಇಲ್ಲ. ನಿನ್ನೆ ಕಟ್ಟೆಯ ಮುಂದೆ ಸಾಲಾಗಿ ನಿಂತು ಮೇಯುತ್ತಿದ್ದವು ಇವೇ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಯಾಕೆ ಓಡಿಸಿದೆ?" ಎಂದು ಹುಡುಗನ ಮೇಲೆ ಮುನಿಸಿಕೊಂಡಳು. ಅವನು ಅವಳದೇ ವಯಸ್ಸಿನವನು. "ನಿಮ್ ಹೊಲ ಇದ್ದಿದ್ರ ಗೊತ್ತಾಗ್ತಿತ್ತು. ಎಳೀ ಬೆಳಿ ಇದ್ದಾಗ ರಾತ್ರಿ ಪೂರಾ ನಾನು, ನಮ್ಮಪ್ಪ ಇಲ್ಲೇ ಮಲಗ್ತೀವಿ" ಅಂದ. ಫೋಟೊದಲ್ಲಿ ಬಂದದ್ದು ಬರೀ ಜೋಳ.

ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಾಕಾರದ ಗೋಡೆಗಳಿಗೆ ಸಂಜೆಯ ಬಿಸಿಲು ಬಿದ್ದಿತ್ತು. ನೋಡಿದೆವು. ಆದರೆ ಕಣ್ಣು ದಣಿದಿದ್ದವು.

ವೈನಿ ಅಂದು ತಮ್ಮ ತವರಿನ ಹೊಲಕ್ಕೆ ಹೋಗಿ ಬಂದಿದ್ದರು. ಹೆಬ್ಬಾತು ಏನು ತಿನ್ನುತ್ತದೆ ಎಂದಾಗ ಕಡಲೆ ಎಂದೆ. "ಕಡ್ಲಿ ತಿನ್ನಾಕ ಹಿಮಾಲಯ ದಾಟಿ ಬರ್ತಾವ? ಶಾಣ್ಯಾ ಅದಾವ" ಎಂದು ಮೆಚ್ಚಿದರು. ತೋಳದ ಪಾಲಿನ ಮಾತಿಗೆ ಮಾತ್ರ ಏನೂ ಅನ್ನಲಿಲ್ಲ. ಅವರ ಅಜ್ಜನಿಗೂ ಕುರಿ ಇದ್ದವು.

ಮೂರನೇ ದಿನ

ದರೋಜಿ ದೂರ. ಆರಕ್ಕೆ ಬಿಟ್ಟೆವು. ಲಕ್ಕುಂಡಿಯ ಗುಡಿಗಳಿಗೆ ಕಾರಿನಿಂದಲೇ ನಮಸ್ಕಾರ, ಕೊಪ್ಪಳದಲ್ಲಿ ಒಗ್ಗರಣೆ-ಮಿರ್ಚಿ, ಹೊಸಪೇಟೆ ದಾಟಿ ಕಮಲಾಪುರ. ಅಲ್ಲಿ 2017ರಲ್ಲಿ ತೆರೆದ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನವಿದೆ. ಬಿಳಿಕಲ್ಲು ಕಾಡಿನೊಳಗೆ 140 ಹೆಕ್ಟೇರಿಗೂ ಮೇಲೆ. ಬಿಂಕದಕಟ್ಟಿ ನೋಡಿ ಬಂದವರಿಗೆ ಇದು ಊರಿನಷ್ಟು ದೊಡ್ಡದು. ಸಫಾರಿ ವಾಹನದಲ್ಲಿ ಕೂತು ಹುಲಿ ನೋಡಿದೆವು, ಸಿಂಹ ನೋಡಿದೆವು. ಅದರ ಬಗ್ಗೆ ಹೆಚ್ಚು ಬರೆಯುವುದಕ್ಕೆ ನನ್ನ ಬಳಿ ಏನೂ ಇಲ್ಲ. ವಾಹನ ನಿಂತಲ್ಲಿ ನಾವು ನೋಡಿದೆವು, ಹೊರಟಾಗ ಹೊರಟೆವು. ಬಿಸಿಲು ಜೋರಿತ್ತು.

ದುರ್ಬೀನಿಲ್ಲವೆಂದು ಗೊತ್ತಾದದ್ದು ದರೋಜಿ ಕರಡಿಧಾಮದ ಗೇಟಿನಲ್ಲಿ. ಚೀಲ ಮೂರು ಸಲ ಸುರುವಿ ನೋಡಿದೆ. ಅಣ್ಣ ಏನೂ ಅನ್ನಲಿಲ್ಲ. ಅವನು ಏನೂ ಅನ್ನದಿದ್ದರೇ ಕಷ್ಟ.

1994ರಲ್ಲಿ ಕರಡಿಗಳಿಗಾಗಿಯೇ ಘೋಷಿಸಿದ ಧಾಮ ಇದು. ಮೊದಲು 56 ಚದರ ಕಿಲೋಮೀಟರಿನ ಹತ್ತಿರ ಇದ್ದದ್ದು ಆಮೇಲೆ 82ಕ್ಕೆ ಹಿಗ್ಗಿತು. ಇಲ್ಲಿಯೂ ಅದೇ ಕುರುಚಲು. ಆದರೆ ಅದರ ನಡುವೆ ಹಂಪಿಯ ಕಡೆಯ ಬಂಡೆಗುಡ್ಡಗಳು, ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಬಂಡೆಗಳ ಸಂದಿನ ಗವಿಗಳಲ್ಲಿ ಕರಡಿ ಹಗಲು ಕಳೆಯುತ್ತದೆ. ಜಾಂಬವಂತನ ಕಿಷ್ಕಿಂಧೆ ಇದೇ ಸೀಮೆ ಎಂದು ಅಣ್ಣ ಮಗಳಿಗೆ ಕತೆ ಹೇಳುತ್ತ ಗೋಪುರ ಹತ್ತಿದ. ನನಗೆ ದರೋಜಿ ಎಂದರೆ ಮೊದಲು ನೆನಪಾಗುವುದು ಬುರ್ರಕಥೆಯ ಈರಮ್ಮ. ಓದು ಬರಹವಿಲ್ಲದೆ ಸಾವಿರಾರು ಸಾಲಿನ ಕಾವ್ಯಗಳನ್ನು ನಾಲಿಗೆಯಲ್ಲಿಟ್ಟುಕೊಂಡಿದ್ದ ತಾಯಿ ಇದೇ ಊರಿನವರು. 2014ರಲ್ಲಿ ತೀರಿಹೋದರು.

ವೀಕ್ಷಣಾ ಗೋಪುರದ ಎದುರು, ಒಂದು ತಗ್ಗು ದಾಟಿದರೆ ಬಂಡೆಗಳ ಗುಡ್ಡ. ಮಧ್ಯಾಹ್ನ ಸಿಬ್ಬಂದಿ ಆ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಅದನ್ನು ನೆಕ್ಕಲು ಸಂಜೆ ಕರಡಿ ಗವಿಯಿಂದ ಇಳಿಯುತ್ತದೆ. ಎಷ್ಟೋ ವರ್ಷಗಳಿಂದ ನಡೆದುಬಂದ ಪದ್ಧತಿ. ಇದು ಸರಿಯೇ ಎಂದು ಗೋಪುರದ ಮೇಲೇ ಚರ್ಚೆ ಎದ್ದಿತು. ಕನ್ನಡಕದ ಯುವಕನೊಬ್ಬ "ಇದು ಬಾಗಿಲಿಲ್ಲದ ಜೂ ಅಷ್ಟೇ" ಅಂದ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಬೆಲ್ಲ ಬಂಡೆಯ ಮೇಲಿದೆ, ಬರುವುದು ಬಿಡುವುದು ಕರಡಿಯ ಇಷ್ಟ. ಬಿಂಕದಕಟ್ಟಿಯ ಆ ಸವೆದ ದಾರಿ ನೋಡಿಬಂದ ಮೇಲೆ ಇಷ್ಟು ವ್ಯತ್ಯಾಸವೂ ನನಗೆ ದೊಡ್ಡದಾಗಿಯೇ ಕಂಡಿತು. ಸುತ್ತಲಿನ ಹಳ್ಳಿಗಳಲ್ಲಿ ಕರಡಿ ಮೆಕ್ಕೆಜೋಳಕ್ಕೆ, ಶೇಂಗಾಕ್ಕೆ ನುಗ್ಗುವುದುಂಟು. ಎದುರು ಸಿಕ್ಕವರ ಮುಖಕ್ಕೇ ಕೈ ಹಾಕುವುದೂ ಉಂಟು. ಬೆಲ್ಲ ಅದನ್ನು ತಪ್ಪಿಸುತ್ತದೆಂದು ನಾನು ಹೇಳಲಾರೆ.

ಕರಡಿಯ ನಿಜವಾದ ಊಟ ಬೆಲ್ಲವಲ್ಲ, ಗೆದ್ದಲು. ಉಗುರಿನಿಂದ ಹುತ್ತ ಒಡೆದು, ಊದಿ ಮಣ್ಣು ಹಾರಿಸಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು ಗೆದ್ದಲನ್ನು ಹೀರುತ್ತದೆ. ಹೀರಲು ಅನುಕೂಲವಾಗಲೆಂದು ಮೇಲಿನ ಎರಡು ಮುಂಭಾಗದ ಹಲ್ಲೇ ಅದಕ್ಕಿಲ್ಲ. ಜೊತೆಗೆ ಬಾರೆ, ಕಾರೆ, ನೇರಳೆಯಂಥ ಹಣ್ಣು, ಸಿಕ್ಕರೆ ಜೇನು.

ಕಾಯುತ್ತ ಕೂತಾಗ ನನಗೆ ಬೇರೊಂದು ಕರಡಿ ನೆನಪಾಯಿತು. ಚಿಕ್ಕಂದಿನಲ್ಲಿ ನಮ್ಮ ಓಣಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಮೂಗಿನಲ್ಲಿ ಹಗ್ಗ ಪೋಣಿಸಿದ ಕರಡಿ ಡಮರುಗದ ತಾಳಕ್ಕೆ ಒಂದು ಕಾಲೆತ್ತಿ ಒಂದು ಕಾಲಿಡುತ್ತಿತ್ತು. ಹೆದರಿಕೆ ಬಿಡಲಿ ಎಂದು ಅವ್ವ ನನ್ನನ್ನು ಅದರ ಬೆನ್ನ ಮೇಲೆ ಕೂರಿಸಿ, ಒಂದು ಕರಡಿಯ ಕೂದಲನ್ನು ತಾಯತದಲ್ಲಿ ಹಾಕಿ ಕಟ್ಟಿದ್ದಳು. ಕೂದಲು ತಂತಿಯಷ್ಟು ಒರಟು, ಮೈಗೆ ಹಳೆ ಕಂಬಳಿಯ ವಾಸನೆ. ಆ ಕರಡಿಗೆ ಅವ್ವ ರೊಟ್ಟಿ ಹಾಕಿದ್ದಳು. ಅದು ತಿಂದಿತ್ತು. 2009ರ ಕೊನೆಗೆ ಕುಣಿಸುವ ಕರಡಿಗಳಲ್ಲಿ ಕೊನೆಯದೆಂದು ಹೆಸರಾದದ್ದನ್ನು ಬಿಡಿಸಿ ಬನ್ನೇರುಘಟ್ಟಕ್ಕೆ ತಂದರು. ಮಗಳಿಗೆ ಹೇಳಿದಾಗ ನಂಬಲಿಲ್ಲ. "ನೀನು ಕರಡಿ ಮೇಲೆ ಕೂತಿದ್ಯಾ?" ಅಣ್ಣ ಸಾಕ್ಷಿ ಹೇಳಬೇಕಾಯಿತು. "ಅತ್ತು ಅತ್ತು ಓಣಿ ಕೂಡಿಸಿದ್ಲು" ಎಂದೂ ಸೇರಿಸಿದ.

ಮೊದಲು ನವಿಲು ಬಂದವು. ಆಮೇಲೆ ಕೆಂಗಂದು ಬಣ್ಣದ ಮುಂಗುಸಿಯೊಂದು ಬಂಡೆಯಿಂದ ಬಂಡೆಗೆ ಓಡುತ್ತ ಬೆಲ್ಲದ ರುಚಿ ನೋಡಿತು. ನಾಲ್ಕೂಮುಕ್ಕಾಲಿಗೆ ಯಾರೋ "ಬಂತು" ಅಂದರು. ನನಗೆ ಕಂಡದ್ದು ಬಂಡೆಯ ನೆರಳಿನಲ್ಲಿ ಇನ್ನೊಂದು ನೆರಳು. ಅದು ನಡೆಯಿತು, ಕರಡಿಯಾಯಿತು. ಕನ್ನಡಕದ ಯುವಕ ಕೇಳುವ ಮೊದಲೇ ತನ್ನ ದುರ್ಬೀನನ್ನು ಮಗಳ ಕೈಗಿತ್ತ. ಅವಳು ನೋಡಿದಳು, ಉಸಿರು ಬಿಗಿ ಹಿಡಿದು ನೋಡಿದಳು, ನನಗೆ ಕೊಡಲಿಲ್ಲ. "ಅಮ್ಮಾ, ಅದರ ಮೇಲೆ ಇನ್ನೂ ಎರಡಿದೆ!"

ಕಿತ್ತುಕೊಂಡು ನೋಡಿದೆ. ತಾಯಿ ಕರಡಿ. ಹೆಗಲಿನ ಉದ್ದ ಕೂದಲಿಗೆ ಒಂದು ಮರಿ ಕಚ್ಚಿಕೊಂಡಿದೆ, ಬೆನ್ನ ಕೊನೆಗೆ ಇನ್ನೊಂದು. ತಾಯಿ ಇಳಿಜಾರಿನಲ್ಲಿ ತಲೆ ಕೆಳಗಾಗಿ ಇಳಿದಾಗ ಹಿಂದಿನದು ಜಾರಿ ಮುಂದಿನದರ ಮೇಲೆ ಬಿತ್ತು. ಎರಡಕ್ಕೂ ಜಗಳ ಹತ್ತಿತು. ತಾಯಿ ನಿಂತು, ಮೈ ಒಮ್ಮೆ ಕೊಡವಿ, ಬೆಲ್ಲ ಹಚ್ಚಿದ ಬಂಡೆಗೆ ಮುಖವಿಟ್ಟಿತು. ಮರಿಗಳು ಇಳಿಯಲಿಲ್ಲ. ಅಲ್ಲಿಂದಲೇ ಕುತ್ತಿಗೆ ಚಾಚಿ ಮೂಸಿದವು. ಕತ್ತಲಾಗುವ ತನಕ ಒಟ್ಟು ಐದು ಕರಡಿ ಬಂದವು. ಎಲ್ಲ ನೆಕ್ಕಿ ಮುಗಿಸಿ, ಬಂದ ದಾರಿಗಲ್ಲದೆ, ಗುಡ್ಡದ ಆಚೆ ಮಗ್ಗುಲಿಗೆ, ಹೊಲಗಳ ಕಡೆಗೆ ಇಳಿದುಹೋದವು.

ಕೊಪ್ಪಳ ದಾಟುವಾಗ ವೈನಿಯ ಫೋನು. ಮಗಳು ಮೊಬೈಲನ್ನು ಸ್ಪೀಕರಿಗೆ ಹಾಕಿದಳು.

"ಕರಡಿ ಬಂತೇನವಾ?"

"ಐದು ಬಂದ್ವು ಅತ್ತೆ! ಒಂದಕ್ಕೆ ಬೆನ್ನ ಮೇಲೆ ಎರಡು ಮರಿ!"

"ಏನ್ ತಿಂದ್ವು?"

"ಬೆಲ್ಲ."

ಆ ಕಡೆ ಎರಡು ಗಳಿಗೆ ಮಾತಿಲ್ಲ. "ಬೆಲ್ಲ? ಕಿಲೋಕ್ಕ ಅರವತ್ತು ಆಗೇತಿ" ಅಂದರು ವೈನಿ. "ಮರಿಗೋಳಿಗೆ ಸಿಕ್ತಿಲ್ಲೋ?"